ವೇಲ್ಸಿನ ಹಳ್ಳಿಮನೆ: ದುಡಿಯುವವರ ಸೂರಿನಿಂದ ರಜೆಯ ಬಿಡಾರಕ್ಕೆ

ಬ್ರಿಟನ್ನಿನ ಪಶ್ಚಿಮ ಭಾಗದ ವೇಲ್ಸ್ ನಾಡಿನಲ್ಲಿ ಪ್ರವಾಸಿಗರು ಇಂದು ವಾರದ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುವ ಪುಟ್ಟ ಕಲ್ಲುಮನೆಗಳಲ್ಲಿ ಹಲವು ಒಂದು ಕಾಲಕ್ಕೆ ಕೂಲಿಕಾರರು, ಸಣ್ಣ ರೈತರು, ಕಲ್ಲುಗಣಿಯ ಕಾರ್ಮಿಕರು ಬಾಳಿದ ಮನೆಗಳು. ದಪ್ಪ ಗೋಡೆ, ಕಿರಿದಾದ ಕಿಟಕಿ, ತಗ್ಗಾದ ಮಾಡು, ಅಗಲವಾದ ಒಲೆ ಇವೆಲ್ಲ ಇಂದಿನವರಿಗೆ ಬೆಚ್ಚನೆಯ ಅನುಭವ ಕೊಡುತ್ತವೆ. ಆದರೆ ಇವು ಹುಟ್ಟಿದ್ದು ಮಳೆಗಾಳಿಯ ಕಾಟದಿಂದ ಮತ್ತು ಬಡತನದಿಂದ.

ದೂರದಿಂದ ಸಾಮಗ್ರಿ ತರಿಸುವ ಶಕ್ತಿ ಇಲ್ಲದವರು ಸುತ್ತಮುತ್ತ ಸಿಕ್ಕಿದ್ದರಿಂದಲೇ ಮನೆ ಕಟ್ಟಿಕೊಂಡರು. ನೈಋತ್ಯದ ಸೆರೆಡಿಜಿಯನ್, ಕಾರ್ಮಾರ್ಥನ್ ಸೀಮೆಗಳಲ್ಲಿ ಜೇಡಿಮಣ್ಣಿಗೆ ಹುಲ್ಲು ಬೆರೆಸಿ ತುಳಿದು, ವರಸೆ ವರಸೆಯಾಗಿ ಗೋಡೆ ಏರಿಸಿ, ಮೇಲೆ ಹುಲ್ಲು ಹೊದಿಸುತ್ತಿದ್ದರು. ಈ ಹದಮಣ್ಣಿಗೆ ಕ್ಲೊಮ್ ಎಂದು ಹೆಸರು. ವಾಯವ್ಯದ ಬೆಟ್ಟಗಳಲ್ಲಿ ಗುಂಡುಕಲ್ಲಿನ ಗೋಡೆ ಎದ್ದಿತು. ಒಳಗೆ ಬಹುಪಾಲು ಒಂದೇ ಕೋಣೆ: ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಮಲಗುವ ಜಾಗ, ಅದರ ಮೇಲೆ ಏಣಿ ಹತ್ತಿ ಹೋಗುವ ಅರ್ಧ ಅಟ್ಟ. ಈ ಅಟ್ಟವೇ ಕ್ರೋಗ್‌ಲಾಫ್ಟ್. ಹತ್ತೊಂಬತ್ತನೆಯ ಶತಮಾನದಲ್ಲಿ ಪೆನ್ರಿನ್, ಡಿನೋರ್ವಿಗ್ ಗಣಿಗಳ ಸ್ಲೇಟು ಕಲ್ಲು ಅಗ್ಗವಾಗಿ ಸಿಗತೊಡಗಿದಂತೆ ಹುಲ್ಲಿನ ಮಾಡುಗಳು ಕಡಿಮೆಯಾದವು.

ಸ್ವಂತ ನೆಲವಿಲ್ಲದವರ ನಡುವೆ ‘ಟೀ ಇನ್ನೊಸ್’, ಅಂದರೆ ಒಂದಿರುಳ ಮನೆಯ ರೂಢಿಯಿತ್ತು. ಗೋಮಾಳದಲ್ಲಿ ಹೊತ್ತು ಮುಳುಗಿದ ಮೇಲೆ ಕೆಲಸ ಶುರುಮಾಡಿ, ಬೆಳಗಾಗುವಷ್ಟರಲ್ಲಿ ಹೊಗೆಗೂಡಿನಿಂದ ಹೊಗೆ ಏಳಿಸಿದವನಿಗೆ ಆ ಮನೆ ಸಲ್ಲುತ್ತದೆ ಎಂಬುದು ಜನರ ನಂಬಿಕೆ. ಮನೆಯಿಂದ ಕೊಡಲಿ ಎಸೆದು, ಅದು ಬಿದ್ದಷ್ಟು ದೂರಕ್ಕೆ ಹಿತ್ತಿಲಿನ ಎಲ್ಲೆ ಗುರುತಿಸುತ್ತಿದ್ದರೆಂದೂ ಹೇಳುತ್ತಾರೆ. ಕಾನೂನು ಇದನ್ನು ಒಪ್ಪಲಿಲ್ಲ. ಗೋಮಾಳಗಳಿಗೆ ಬೇಲಿ ಬಿದ್ದಾಗ ಇಂಥ ಹಲವು ಮನೆಗಳು ಕೈತಪ್ಪಿದವು.

ಈ ಮನೆಗಳ ಬದುಕು ಸುಲಭದ್ದಾಗಿರಲಿಲ್ಲ. ತೇವ ಮತ್ತು ಇಕ್ಕಟ್ಟಿನ ಜೊತೆಗೆ ಕ್ಷಯರೋಗವೂ ಇತ್ತು. ಕ್ಲೆಮೆಂಟ್ ಡೇವಿಸ್ ನೇತೃತ್ವದ ಸಮಿತಿ 1939ರಲ್ಲಿ ಕೊಟ್ಟ ವರದಿ, ಕ್ಷಯದ ಹಾವಳಿಯ ಜೊತೆಗೆ ಹಳ್ಳಿಮನೆಗಳ ದುಸ್ಥಿತಿಯನ್ನೂ ಬಯಲಿಗೆ ತಂದಿತು. ಅದಕ್ಕೂ ಮೊದಲೇ ಕೂಲಿಗಾಗಿ ದಕ್ಷಿಣದ ಕಲ್ಲಿದ್ದಲು ಕಣಿವೆಗಳಿಗೆ ವಲಸೆ ನಡೆದಿತ್ತು. ಮನೆಗಳು ಪಾಳು ಬಿದ್ದವು.

ಜನಪದ ವಿದ್ವಾಂಸ ಯೋರ್ವರ್ಥ್ ಪೀಟ್ 1940ರಲ್ಲಿ ವೇಲ್ಸಿನ ಮನೆಗಳ ಕುರಿತು ಗ್ರಂಥ ಪ್ರಕಟಿಸಿದರು. 1948ರಲ್ಲಿ ಕಾರ್ಡಿಫ್ ಬಳಿಯ ಸೇಂಟ್ ಫೇಗನ್ಸ್‌ನಲ್ಲಿ ತೆರೆದ ಜನಪದ ವಸ್ತುಸಂಗ್ರಹಾಲಯಕ್ಕೂ ಅವರೇ ಮುಂದಾಳು. ರೋಸ್‌ಟ್ರಿವನ್ ಹಳ್ಳಿಯ 1762ರ ಲೈನ್‌ವಾಡಿನ್ ಮನೆಯನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಲಾಗಿದೆ.

1951ರಲ್ಲಿ ಎರಿರಿ (ಸ್ನೋಡೋನಿಯಾ), 1952ರಲ್ಲಿ ಪೆಂಬ್ರೋಕ್‌ಶೈರ್ ಕರಾವಳಿ, 1957ರಲ್ಲಿ ಬ್ರೆಕನ್ ಬೆಟ್ಟಸಾಲು ರಾಷ್ಟ್ರೀಯ ಉದ್ಯಾನಗಳಾದವು. ಕಾರು ಬಂದ ಮೇಲೆ ಇಂಗ್ಲೆಂಡಿನ ನಗರಗಳಿಂದ ಬರುವವರು ಹೆಚ್ಚಿದರು. ಪಾಳು ಮನೆಗಳಿಗೆ ಬೆಲೆ ಬಂತು. 1965ರಲ್ಲಿ ಹುಟ್ಟಿದ ಲ್ಯಾಂಡ್‌ಮಾರ್ಕ್ ಟ್ರಸ್ಟ್, ಬೆಟುಸ್-ಅ-ಕೋಯ್ಡ್ ಸಮೀಪದ ರಿವ್‌ದೋಲಿಯನ್ ಎಂಬ ಬರಿದಾದ ಗಣಿ ಹಳ್ಳಿಯ ಕಟ್ಟಡಗಳನ್ನು ದುರಸ್ತಿ ಮಾಡಿ ರಜೆಗೆ ಬಾಡಿಗೆ ಕೊಡುತ್ತಿದೆ.

ಬೆಲೆ ಏರಿದಾಗ ಪೆಟ್ಟು ಬಿದ್ದದ್ದು ಊರಿನ ಯುವಜನರಿಗೆ. ವೇಲ್ಶ್ ಭಾಷೆಯ ನೆಲೆಗಳಲ್ಲೇ ಚಳಿಗಾಲದಲ್ಲಿ ದೀಪವಿಲ್ಲದ ಮನೆಗಳು ಹೆಚ್ಚಿದವು. 1979ರ ಡಿಸೆಂಬರಿನಿಂದ 1990ರ ದಶಕದ ಆರಂಭದವರೆಗೆ ‘ಮೇಬಿಯನ್ ಗ್ಲಿಂಡೂರ್’ ಎಂಬ ಗುಪ್ತ ಗುಂಪು ರಜೆಯ ಮನೆಗಳಿಗೆ ಬೆಂಕಿಯಿಟ್ಟಿತು. ಆಮೇಲೆ ಕಾನೂನಿನ ದಾರಿ ತೆರೆಯಿತು. 2023ರ ಏಪ್ರಿಲ್‌ನಿಂದ ಎರಡನೆಯ ಮನೆಗಳ ಮೇಲೆ ಸ್ಥಳೀಯ ಆಡಳಿತ ಶೇ. 300ರವರೆಗೆ ಹೆಚ್ಚುವರಿ ತೆರಿಗೆ ಹಾಕಬಹುದು. ತೆರಿಗೆಯ ಲೆಕ್ಕದಲ್ಲಿ ರಜೆಯ ಮನೆ ವ್ಯಾಪಾರವೆನಿಸಿಕೊಳ್ಳಲು ವರ್ಷಕ್ಕೆ 182 ದಿನ ಬಾಡಿಗೆಗೆ ಹೋಗಿರಬೇಕು. 2024ರ ಸೆಪ್ಟೆಂಬರಿನಲ್ಲಿ ವಾಯವ್ಯದ ಗ್ವಿನೆಡ್‌ನಲ್ಲಿ, ಎರಿರಿ ಉದ್ಯಾನದ ಹೊರಗಿನ ಪ್ರದೇಶದಲ್ಲಿ, ವಾಸದ ಮನೆಯನ್ನು ರಜೆಯ ಮನೆಯಾಗಿ ಬದಲಿಸಲು ಯೋಜನಾ ಅನುಮತಿ ಬೇಕೆಂಬ ನಿಯಮ ಜಾರಿಗೆ ಬಂತು.

ಪ್ರವಾಸೋದ್ಯಮ ಈ ಗೋಡೆಗಳನ್ನು ಉಳಿಸಿಕೊಟ್ಟಿದೆ. ಆದರೆ ವರ್ಷವಿಡೀ ಒಲೆ ಹಚ್ಚುವ, ತಮ್ಮ ನುಡಿಯಾಡುವ ಕುಟುಂಬಗಳೂ ಊರಿನಲ್ಲಿ ಉಳಿದರೆ ಮಾತ್ರ ವೇಲ್ಸಿನ ಹಳ್ಳಿಮನೆಯ ಪರಂಪರೆ ಉಳಿದಂತಾಗುತ್ತದೆ.