ಒಂದು ಜೂನ್ ತಿಂಗಳು, ಐದು ರಣರಂಗಗಳು

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯ ಹಿರಿಯರು ಕೇಳಿದಾಗ, ಶಾಲೆಯ ನೆನಪುಗಳ ಬದಲು ಇತಿಹಾಸದ ಒಂದು ವಿಷಯವನ್ನು ಆರಿಸಿಕೊಂಡೆ. ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರೆ. ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಆದರೂ ಈ ಶಾಲೆಯ ಸಮಾಜ ವಿಜ್ಞಾನದ ತರಗತಿಯಲ್ಲಿ ಹತ್ತಿದ ಇತಿಹಾಸದ ರುಚಿ ಇನ್ನೂ ಬಿಟ್ಟಿಲ್ಲ.

ಪರೀಕ್ಷೆಗಾಗಿ ನಾವೆಲ್ಲ ಎರಡನೇ ಮಹಾಯುದ್ಧದ ಕಾರಣಗಳನ್ನೂ ಪರಿಣಾಮಗಳನ್ನೂ ಬಾಯಿಪಾಠ ಮಾಡಿದವರೇ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಆರು ವರ್ಷ ಯುದ್ಧ ನಡೆಯಿತಲ್ಲ, ಅದು ನಡೆದದ್ದು ಹೇಗೆ? ಇದನ್ನು ತಿಳಿಯಲು ಆರು ವರ್ಷವನ್ನೂ ಓದಬೇಕಾಗಿಲ್ಲ. 1944ರ ಜೂನ್ ತಿಂಗಳೊಂದನ್ನು ಭೂಪಟದ ಮೇಲೆ ಇಟ್ಟು ನೋಡಿದರೂ ಸಾಕು.

ಜೂನ್ 4ರಂದು ಮಿತ್ರರಾಷ್ಟ್ರಗಳ ಸೈನ್ಯ ಇಟಲಿಯ ರೋಮ್ ನಗರವನ್ನು ಪ್ರವೇಶಿಸಿತು. ಜೂನ್ 6ರಂದು ಅಮೆರಿಕ, ಬ್ರಿಟನ್, ಕೆನಡಾಗಳ ಸುಮಾರು 1,56,000 ಸೈನಿಕರು ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದರು. ಸಮುದ್ರದ ಕಡೆಯಿಂದ ಐದು ದಡಗಳಿಗೆ, ಉಳಿದವರು ಆಕಾಶದಿಂದ. ಜೂನ್ 15ರಂದು ಭೂಮಿಯ ಇನ್ನೊಂದು ಬದಿಯಲ್ಲಿ, ಪೆಸಿಫಿಕ್ ಸಾಗರದ ಸೈಪಾನ್ ದ್ವೀಪಕ್ಕೆ ಅಮೆರಿಕದ ಸೈನ್ಯ ಕಾಲಿಟ್ಟಿತು. 19 ಮತ್ತು 20ರಂದು ಅದೇ ಸಮುದ್ರದಲ್ಲಿ ನಡೆದ ನೌಕಾಯುದ್ಧದಲ್ಲಿ ಜಪಾನ್ ತನ್ನ ಮೂರು ವಿಮಾನವಾಹಕ ಹಡಗುಗಳನ್ನು ಕಳೆದುಕೊಂಡಿತು. ಜೂನ್ 22ರಂದು ನಮ್ಮ ದೇಶದಲ್ಲೇ, ಕೊಹಿಮಾ–ಇಂಫಾಲ ರಸ್ತೆಯ 109ನೇ ಮೈಲಿಗಲ್ಲಿನ ಬಳಿ ಎರಡು ದಿಕ್ಕುಗಳಿಂದ ಬಂದ ಸೈನ್ಯಗಳು ಸಂಧಿಸಿ ಇಂಫಾಲದ ಮುತ್ತಿಗೆಯನ್ನು ಮುರಿದವು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 22–23ರಂದು, ಸೋವಿಯತ್ ಸೈನ್ಯ ಬೆಲರೂಸಿನಲ್ಲಿ 'ಬಗ್ರಾತಿಯೋನ್' ಎಂಬ ಹೆಸರಿನ ಮಹಾದಾಳಿ ಆರಂಭಿಸಿತು. ಜರ್ಮನಿ ಆ ದೇಶದ ಮೇಲೆ ಬಿದ್ದು ಅಂದಿಗೆ ಸರಿಯಾಗಿ ಮೂರು ವರ್ಷವಾಗಿತ್ತು.

ಮೇಲ್ನೋಟಕ್ಕೆ ಇವು ಐದು ಬೇರೆ ಬೇರೆ ಯುದ್ಧಗಳು. ಬೆಟ್ಟ, ಜವುಗು, ಸಾಗರಗಳಲ್ಲಿ ಹೋರಾಡುತ್ತಿದ್ದ ಸೈನಿಕರಿಗೆ ಮತ್ತೊಂದು ರಂಗದ ಹೆಸರೂ ಗೊತ್ತಿರಲಿಲ್ಲ. ಆದರೆ ಇವೆಲ್ಲವನ್ನೂ ಕಟ್ಟಿಹಾಕಿದ್ದು ಒಂದೇ ಹಗ್ಗ, ಅದು ಸಾಗಾಣಿಕೆ. ಬಂದೂಕು, ಗುಂಡು, ಅಕ್ಕಿ, ಹಿಟ್ಟು, ಪೆಟ್ರೋಲು, ಔಷಧಿಗಳನ್ನು ಹೊತ್ತು ತರುವ ಹಡಗು ಮತ್ತು ವಿಮಾನಗಳು ಎಲ್ಲ ರಂಗಗಳಿಗೂ ಸಾಕಾಗುವಷ್ಟು ಇರಲಿಲ್ಲ. ನಮ್ಮ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಲುವೆ ಒಂದು, ಗದ್ದೆ ಹಲವು ಎಂದಾದಾಗ ನೀರಿಗೆ ಪಾಳಿ ಹಾಕುತ್ತೇವೆ. ಯಾರ ಪಾಳಿ ಮೊದಲು ಎಂಬುದರ ಮೇಲೆ ಯಾರ ಪೈರು ಉಳಿಯುತ್ತದೆ ಎಂಬುದು ನಿಂತಿರುತ್ತದೆ.

ಒಂದು ಉದಾಹರಣೆ ನೋಡೋಣ. ಟ್ಯಾಂಕುಗಳನ್ನು ನೇರವಾಗಿ ಸಮುದ್ರದ ದಡಕ್ಕೇ ಇಳಿಸಬಲ್ಲ ಚಪ್ಪಟೆ ತಳದ ಹಡಗುಗಳು ಆಗ ಇದ್ದವು. ನಾರ್ಮಂಡಿಗೂ ಅವೇ ಬೇಕು, ಇಟಲಿಗೂ ಅವೇ, ಪೆಸಿಫಿಕ್ ದ್ವೀಪಗಳಿಗೂ ಅವೇ. 1943ರ ನವೆಂಬರಿನಲ್ಲಿ ಕೈರೋ ಸಭೆಯಲ್ಲಿ, ಅಂಡಮಾನ್ ದ್ವೀಪಗಳನ್ನು ಜಪಾನಿನಿಂದ ಬಿಡಿಸಲು ಸಮುದ್ರದಿಂದ ದಾಳಿ ಮಾಡುವುದಾಗಿ ಚೀನಾದ ನಾಯಕ ಚಿಯಾಂಗ್ ಕೈ ಶೇಕ್‌ಗೆ ಮಾತು ಕೊಡಲಾಯಿತು. ಕೆಲವೇ ದಿನಗಳಲ್ಲಿ ಟೆಹರಾನಿನಲ್ಲಿ ರೂಸ್ವೆಲ್ಟ್, ಚರ್ಚಿಲ್, ಸ್ಟಾಲಿನ್ ಕೂಡಿ, ಫ್ರಾನ್ಸಿನ ದಾಳಿಯೇ ಮೊದಲು ಎಂದು ತೀರ್ಮಾನಿಸಿದರು. ಡಿಸೆಂಬರಿನಲ್ಲಿ ಅಂಡಮಾನ್ ಯೋಜನೆ ರದ್ದಾಯಿತು. ಹಡಗುಗಳು ಯುರೋಪಿನ ಕಡೆ ತಿರುಗಿದವು. ಅಷ್ಟಾದರೂ ಸಾಲಲಿಲ್ಲ. ಇನ್ನೊಂದು ತಿಂಗಳ ಉತ್ಪಾದನೆ ಕೈಗೆ ಬರಲಿ ಎಂದು ನಾರ್ಮಂಡಿ ದಾಳಿಯನ್ನು ಮೇ ತಿಂಗಳಿನಿಂದ ಜೂನ್‌ಗೆ ಮುಂದೂಡಲಾಯಿತು. ಅದರ ಜೊತೆಯಲ್ಲೇ ನಡೆಯಬೇಕಿದ್ದ ದಕ್ಷಿಣ ಫ್ರಾನ್ಸಿನ ದಾಳಿ ಆಗಸ್ಟ್ 15ಕ್ಕೆ ಹೋಯಿತು.

ಎರಡನೆಯ ಉದಾಹರಣೆ ನಮ್ಮ ನೆಲದ್ದು. 1944ರ ಮಾರ್ಚ್‌ನಲ್ಲಿ ಜಪಾನಿನ ಮೂರು ಡಿವಿಜನ್‌ಗಳು ಬರ್ಮಾದ ಗಡಿ ದಾಟಿ ಮಣಿಪುರ ಮತ್ತು ಇಂದಿನ ನಾಗಾಲ್ಯಾಂಡಿನೊಳಗೆ ನುಗ್ಗಿದವು. ನೇತಾಜಿ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್‌ನ ಯೋಧರೂ ಅವರ ಜೊತೆಗಿದ್ದರು. ಹೀಗಾಗಿ ಈ ಬೆಟ್ಟಗಳಲ್ಲಿ ಭಾರತೀಯರು ಎರಡೂ ಕಡೆ ನಿಂತು ಹೋರಾಡಿದರು. ಇಂಫಾಲದ ರಸ್ತೆ ಕಡಿದುಹೋಯಿತು. ಒಂದು ಲಕ್ಷಕ್ಕೂ ಹೆಚ್ಚು ಸೈನಿಕರು ಒಳಗೆ ಸಿಕ್ಕಿಬಿದ್ದರು. ಅವರನ್ನು ಉಳಿಸಲು ವಿಮಾನವೊಂದೇ ದಾರಿ. ಹಿಮಾಲಯದ ಮೇಲಿಂದ ಚೀನಾಕ್ಕೆ ಸರಕು ಸಾಗಿಸುತ್ತಿದ್ದ 20 ಅಮೆರಿಕನ್ ವಿಮಾನಗಳನ್ನು ಮೌಂಟ್‌ಬ್ಯಾಟನ್ ಪಡೆದರು. ಅರಕಾನ್ ರಂಗದಲ್ಲಿದ್ದ 5ನೇ ಭಾರತೀಯ ಡಿವಿಜನ್ ತನ್ನ ಫಿರಂಗಿ ಮತ್ತು ಹೇಸರಗತ್ತೆಗಳ ಸಮೇತ ವಿಮಾನ ಹತ್ತಿ ಬಂದು, ಇಳಿದ ಕೆಲವೇ ದಿನಗಳಲ್ಲಿ ಕಾಳಗಕ್ಕೆ ನಿಂತಿತು. ಅದೂ ಸಾಲದಾದಾಗ ಮೆಡಿಟರೇನಿಯನ್ ರಂಗದಿಂದ 79 ವಿಮಾನಗಳು ಸಾಲವಾಗಿ ಬಂದವು. ಆ ರಂಗಕ್ಕೆ ಸೇರಿದ ವಿಮಾನಗಳು ಮಣಿಪುರದಲ್ಲಿ ಅಕ್ಕಿ, ಗುಂಡು ಇಳಿಸಿ, ಗಾಯಾಳುಗಳನ್ನು ಹೊತ್ತು ಹೊರಟವು.

ಎದುರಾಳಿಯ ಸ್ಥಿತಿ ಏನು? ಜಪಾನಿನ ಸೇನಾಪತಿ ಮುಟಾಗುಚಿ ಸುಮಾರು ಮೂರು ವಾರಗಳ ಆಹಾರ ಕೊಟ್ಟು ಸೈನ್ಯ ಕಳಿಸಿದ್ದ. ಉಳಿದದ್ದನ್ನು ಬ್ರಿಟಿಷರ ಉಗ್ರಾಣಗಳಿಂದ ವಶಪಡಿಸಿಕೊಳ್ಳಬಹುದೆಂಬುದು ಅವನ ಲೆಕ್ಕ. ಉಗ್ರಾಣ ಸಿಗಲಿಲ್ಲ, ಮಳೆಗಾಲ ಬಂತು. ಕೊಹಿಮಾದಲ್ಲಿದ್ದ ಜನರಲ್ ಸಾಟೋ ತನ್ನ ಹಸಿದ ಡಿವಿಜನ್ನನ್ನು ಆಜ್ಞೆ ಮೀರಿ ಹಿಂದಕ್ಕೆ ಕರೆದೊಯ್ದ. ಆ ದಂಡಯಾತ್ರೆಯಲ್ಲಿ ಸತ್ತ ಜಪಾನಿ ಸೈನಿಕರು ಸುಮಾರು 30,000. ಅವರಲ್ಲಿ ಬಹಳಷ್ಟು ಮಂದಿಯನ್ನು ಕೊಂದದ್ದು ಗುಂಡಲ್ಲ, ಹಸಿವು ಮತ್ತು ರೋಗ.

ಮಿತ್ರರಾಷ್ಟ್ರಗಳ ನಡುವೆ ಜಗಳಗಳಿಗೇನೂ ಕಡಿಮೆ ಇರಲಿಲ್ಲ. ಆದರೂ ಒಂದೇ ಮೇಜಿನ ಸುತ್ತ ಕೂತು ಪಾಳಿ ಹಂಚಿಕೊಂಡರು. ನಾರ್ಮಂಡಿ ದಾಳಿಯ ಹೊತ್ತಿಗೆ ಪೂರ್ವದಿಂದ ತಾನೂ ಹೊಡೆಯುವುದಾಗಿ ಸ್ಟಾಲಿನ್ ಟೆಹರಾನಿನಲ್ಲಿ ಕೊಟ್ಟ ಮಾತೇ ಜೂನ್ 22ರ ಮಹಾದಾಳಿ. ಪಶ್ಚಿಮಕ್ಕೆ ಸೈನ್ಯ ಕಳಿಸಿದರೆ ಪೂರ್ವ ಬರಿದು, ಪೂರ್ವಕ್ಕೆ ಕಳಿಸಿದರೆ ಪಶ್ಚಿಮ ಬರಿದು ಎಂಬ ಇಕ್ಕಟ್ಟಿಗೆ ಹಿಟ್ಲರ್ ಸಿಕ್ಕಿದ. ಜುಲೈ 3ಕ್ಕೆ ಮಿನ್ಸ್ಕ್ ನಗರ ಸೋವಿಯತ್ ಕೈಗೆ ಬಂತು. ಜುಲೈ 17ರಂದು ಸುಮಾರು 57,000 ಜರ್ಮನ್ ಸೆರೆಯಾಳುಗಳನ್ನು ಮಾಸ್ಕೋದ ಬೀದಿಗಳಲ್ಲಿ ನಡೆಸಲಾಯಿತು.

ಜರ್ಮನಿ ಮತ್ತು ಜಪಾನ್ ಸಹ 1940ರಿಂದ ಒಪ್ಪಂದದ ಗೆಳೆಯರೇ. ಆದರೆ ಅವುಗಳಿಗೆ ಒಂದು ಕೂಡು ಯೋಜನೆ ಎಂಬುದೇ ಇರಲಿಲ್ಲ. 1941ರ ಏಪ್ರಿಲ್‌ನಲ್ಲಿ ಜಪಾನ್ ಸೋವಿಯತ್ ಒಕ್ಕೂಟದೊಂದಿಗೆ ತಟಸ್ಥ ಒಪ್ಪಂದ ಮಾಡಿಕೊಂಡಿತು. ಎರಡು ತಿಂಗಳ ಬಳಿಕ ಜರ್ಮನಿ ಅದೇ ದೇಶದ ಮೇಲೆ ಯುದ್ಧಕ್ಕೆ ಹೋಯಿತು! ಅಮೆರಿಕ ಸೋವಿಯತ್ ಒಕ್ಕೂಟಕ್ಕೆ ಕಳಿಸಿದ ಸರಕಿನ ಅರ್ಧದಷ್ಟು ಪೆಸಿಫಿಕ್ ದಾರಿಯಲ್ಲಿ, ಸೋವಿಯತ್ ಬಾವುಟದ ಹಡಗುಗಳಲ್ಲಿ, ಜಪಾನಿನ ಕಣ್ಣೆದುರೇ ಹಾದು ವ್ಲಾಡಿವೋಸ್ಟಾಕ್ ತಲುಪಿತು. ಗೆಳೆಯನ ಶತ್ರುವಿಗೆ ಹೋಗುವ ಬುತ್ತಿಯನ್ನು ಜಪಾನ್ ತಡೆಯಲಿಲ್ಲ.

ಕರ್ನಾಟಕಕ್ಕೂ ಈ ಹಗ್ಗದ ಎಳೆ ತಾಗಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ನಮ್ಮ ಇಂದಿನ ಎಚ್.ಎ.ಎಲ್., 1943ರಿಂದ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡ ಮರಾಠಾ ಲಘು ಪದಾತಿದಳದ ಒಂದು ಪಡೆ 1944ರ ಮಾರ್ಚ್‌ನಲ್ಲಿ ಮಣಿಪುರದ ಸಂಗ್‌ಶಕ್ ಎಂಬ ಹಳ್ಳಿಯಲ್ಲಿ ಜಪಾನಿಯರನ್ನು ತಡೆದು ನಿಲ್ಲಿಸಿದವರ ಜೊತೆಗಿತ್ತು. ಅದೇ ದಳದ ಇನ್ನೊಂದು ಪಡೆಯ ನಾಯಕ್ ಯಶವಂತ ಘಾಡ್ಗೆ ಅದೇ ವರ್ಷ ಜುಲೈ 10ರಂದು ಇಟಲಿಯಲ್ಲಿ ಹೋರಾಡಿ ಮಡಿದರು; ಅವರಿಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂತು. ಒಂದೇ ಪಲ್ಟಣದವರು ಭೂಮಿಯ ಎರಡು ಕಡೆ.

ಇಷ್ಟನ್ನು ಹೇಳಿ ಮುಗಿಸಿದರೆ ಲೆಕ್ಕ ಅರ್ಧವಾಗುತ್ತದೆ. ಹಡಗುಗಳ ಪಾಳಿಯಲ್ಲಿ ಹೆಸರೇ ಹಿಂದೆ ಬಿದ್ದವರೂ ಇದ್ದರು. ಬರ್ಮಾ ಜಪಾನಿನ ಕೈಗೆ ಹೋದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದೆಂದು ಬಂಗಾಳದ ಕರಾವಳಿಯಲ್ಲಿ ಸರ್ಕಾರ ಬಡವರ ದೋಣಿಗಳನ್ನು ಕಿತ್ತುಕೊಂಡಿತು. ಬೆಲೆ ಏರಿತು. ಧಾನ್ಯ ತರಲು ಸಾಕಷ್ಟು ಹಡಗು ಕೊಡಿ ಎಂಬ ಭಾರತದ ಕೋರಿಕೆಗೆ ಲಂಡನ್ನಿನ ಯುದ್ಧ ಸಂಪುಟ ಒಪ್ಪಲಿಲ್ಲ. 1943ರ ಬಂಗಾಳದ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷ ಎಂದು ಅಂದಾಜು. ಅವರು ಯಾವ ರಂಗದಲ್ಲೂ ಇರಲಿಲ್ಲ, ಬಂದೂಕು ಹಿಡಿದಿರಲಿಲ್ಲ. ಯುದ್ಧ ಗೆದ್ದ ಅದೇ ಪಾಳಿಪಟ್ಟಿಯಲ್ಲಿ ಅವರ ಅನ್ನಕ್ಕೆ ಜಾಗವಿರಲಿಲ್ಲ.

ನನ್ನ ಕೆಲಸದಲ್ಲಿ ದಿನವೂ ಒಂದು ಪ್ರಶ್ನೆ ಬರುತ್ತದೆ: ಇರುವುದು ಇಷ್ಟು ಯಂತ್ರ, ಮಾಡಬೇಕಾದ ಕೆಲಸ ಅಷ್ಟು, ಯಾವುದು ಮೊದಲು? ಅಲ್ಲಿ ಹಿಂದೆ ಬಿದ್ದ ಕೆಲಸ ನಾಳೆ ಆಗುತ್ತದೆ. ಮನುಷ್ಯರು ಹಿಂದೆ ಬಿದ್ದರೆ ನಾಳೆ ಎಂಬುದು ಇರುವುದಿಲ್ಲ. ಅದಕ್ಕೇ ಈಗ ಈ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೆ ನನ್ನದೊಂದು ಕೋರಿಕೆ. ಮಹಾಯುದ್ಧದ ಪಾಠ ಬಂದಾಗ ಭೂಪಟ ಬಿಡಿಸಿ ಈ ಐದು ಜಾಗಗಳನ್ನು ಗುರುತಿಸಿ. ಗೆದ್ದವರು ಯಾರು ಎಂದು ಬರೆದ ಮೇಲೆ, ಅವರಿಗೆ ಅನ್ನ ಬಂದದ್ದು ಎಲ್ಲಿಂದ, ಯಾರ ಪಾಲಿನದು ತಪ್ಪಿತು ಎಂದೂ ನಿಮ್ಮ ಗುರುಗಳನ್ನು ಕೇಳಿ.

ಎಂದಾದರೂ ಈಶಾನ್ಯ ಭಾರತದ ಪ್ರವಾಸ ಹೋದರೆ ಕೊಹಿಮಾದ ಯುದ್ಧ ಸ್ಮಶಾನವನ್ನು ನೋಡಿ ಬನ್ನಿ. ಎರಡೂ ಸೈನ್ಯಗಳು ಕೆಲವೇ ಗಜಗಳ ದೂರದಲ್ಲಿ ಎದುರುಬದುರಾಗಿ ಕಾದಾಡಿದ ಟೆನ್ನಿಸ್ ಅಂಗಳದ ಗೆರೆಗಳನ್ನು ಅಲ್ಲಿ ಇಂದಿಗೂ ಗುರುತು ಮಾಡಿ ಇಟ್ಟಿದ್ದಾರೆ. ಗೋರಿಗಳ ಸಾಲಿನ ಜೊತೆಗೆ ಇನ್ನೊಂದು ಸ್ಮಾರಕವಿದೆ. ಗೋರಿಯಿಲ್ಲದೆ, ತಮ್ಮ ಧರ್ಮದಂತೆ ಚಿತೆಯೇರಿದ 917 ಹಿಂದೂ ಮತ್ತು ಸಿಖ್ ಯೋಧರದು.