ಉರ್ದು ಕಚೇರಿಯಿಂದ ಕನ್ನಡ ಟೈಪಿಂಗ್‌ವರೆಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ನಮಗೆ ಟೈಪಿಸ್ಟ್, ಸ್ಟೆನೋ ನೌಕರಿ ಎಂದರೆ ಮೊದಲು ನೆನಪಾಗುವುದು ಟೈಪಿಂಗ್ ಕ್ಲಾಸ್. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಹಾಗಿರಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪಾರ್ಸಿ ಹೋಗಿ ಉರ್ದು ಆಡಳಿತ ಭಾಷೆಯಾಯಿತು. ಮನೆಯಲ್ಲಿ ಕನ್ನಡ ಆಡುವ ಹುಡುಗ ಗುಮಾಸ್ತನಾಗಬೇಕಾದರೆ ಮೊದಲು ಉರ್ದು ಕಲಿಯಬೇಕಿತ್ತು. ಕನ್ನಡವಷ್ಟೇ ಬಲ್ಲ ರೈತನಿಗೆ ಕಚೇರಿಯ ಕಾಗದ ಓದಿಸಿಕೊಳ್ಳಲೂ ಇನ್ನೊಬ್ಬರು ಬೇಕಿತ್ತು.

1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯೊಂದಿಗೆ ನಾವೂ ಮೈಸೂರು ರಾಜ್ಯ ಸೇರಿದೆವು. 1963ರ ರಾಜಭಾಷಾ ಕಾಯ್ದೆ ಕನ್ನಡಕ್ಕೆ ಆಡಳಿತದಲ್ಲಿ ಜಾಗ ಕೊಟ್ಟಿತು. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯಿಂದ ಕನ್ನಡ ಬೆರಳಚ್ಚು ಕಲಿತರೆ ಹೊಟ್ಟೆ ತುಂಬುತ್ತದೆ ಎಂಬ ಧೈರ್ಯ ಬಂತು.

ಈಗ ದಾರಿ ಹೀಗಿದೆ: ಜೂನಿಯರ್, ಸೀನಿಯರ್ ಟೈಪಿಂಗ್ ಪರೀಕ್ಷೆ, ಜೊತೆಗೆ ಶೀಘ್ರಲಿಪಿ, ಕಂಪ್ಯೂಟರ್. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ಅಡಿ ನಮ್ಮ ಭಾಗದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ. 80ರಷ್ಟು ಸ್ಥಳೀಯರಿಗೆ ಮೀಸಲು. ಬೆರಳಚ್ಚುಗಾರರು, ಶೀಘ್ರಲಿಪಿಗಾರರು ಇದೇ ಗುಂಪಿನವರು. ಆದರೆ ಟೈಪಿಂಗ್ ಸರ್ಟಿಫಿಕೇಟ್ ಇಲ್ಲದವರಿಗೆ ಈ ಮೀಸಲಾತಿಯೂ ದಕ್ಕುವುದಿಲ್ಲ. ಅಜ್ಜಂದಿರನ್ನು ಕಚೇರಿಯ ಹೊರಗೆ ನಿಲ್ಲಿಸಿದ್ದು ಭಾಷೆ. ನಮ್ಮನ್ನು ನಿಲ್ಲಿಸುವುದು ಕಲಿಯದ ಕೈ. ಭಾಷೆಯ ಗೋಡೆ ಒಡೆಯಲು ತಲೆಮಾರುಗಳೇ ಬೇಕಾದವು, ಕೈ ಪಳಗಲು ಕೆಲವು ತಿಂಗಳು ಸಾಕು.