ಪದಕ್ಕೆ ಒಂದೂವರೆ ಸೆಂಟಿನ ದಿಗಿಲು

ಬ್ರೆಡ್ಡಿಗೆ 6 ಸೆಂಟ್, ಡಬ್ಬಿ ಬೀನ್ಸಿಗೆ 14, ಕಾಲು ಪೌಂಡ್ ಚೀಸ್‌ಗೆ 10. ಒಟ್ಟು 30 ಸೆಂಟ್. 1925ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಬಾಡಿಗೆ ಕೋಣೆಯೊಂದರಿಂದ ಹೋವರ್ಡ್ ಫಿಲಿಪ್ಸ್ ಲವ್‌ಕ್ರಾಫ್ಟ್ ತನ್ನ ದೊಡ್ಡಮ್ಮ ಲಿಲಿಯನ್‌ಗೆ ಬರೆದು ಕಳಿಸಿದ ಲೆಕ್ಕ ಇದು. ಇಷ್ಟು ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೇನೆ ಎಂಬ ಹೆಮ್ಮೆಯೂ ಆ ಪತ್ರಗಳಲ್ಲಿ ಇಣುಕುತ್ತದೆ. ಎಡ್ಗರ್ ಅಲನ್ ಪೋ ನಂತರ ಅಮೆರಿಕದ ಭಯಾನಕ ಕಥೆಯಲ್ಲಿ ದೊಡ್ಡ ಹೆಸರು ಎಂದು ಇಂದು ಎಣಿಸಿಕೊಳ್ಳುವ ಈ ಲೇಖಕ ಬದುಕಿದ್ದಾಗ, ದೊಡ್ಡ ಪ್ರಕಾಶಕರು ಅವನ ಒಂದು ಪುಸ್ತಕವನ್ನೂ ತರಲಿಲ್ಲ. ಅವನ ಅನ್ನಕ್ಕೆ ದಾರಿ ಮಾಡಿದ್ದು ಹೆಚ್ಚಾಗಿ ದೆವ್ವ ಪಿಶಾಚಿಗಳಲ್ಲ, ಬೇರೆಯವರ ಕೆಟ್ಟ ಗದ್ಯ.

ಲವ್‌ಕ್ರಾಫ್ಟ್ ಹುಟ್ಟಿದ್ದು 1890ರ ಆಗಸ್ಟ್ 20ರಂದು, ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಪಟ್ಟಣದಲ್ಲಿ. ಮನೆ ತಾತನದು, ಉಳ್ಳವರ ಮನೆ. ಊರೂರು ತಿರುಗಿ ಮಾರಾಟ ಮಾಡುವ ಕೆಲಸದಲ್ಲಿದ್ದ ತಂದೆ 1893ರಲ್ಲಿ ಬುದ್ಧಿ ಕೆಟ್ಟು ಬಟ್ಲರ್ ಆಸ್ಪತ್ರೆ ಸೇರಿದ. ಐದು ವರ್ಷದ ನಂತರ ಅಲ್ಲಿಯೇ ತೀರಿಕೊಂಡ. 1904ರಲ್ಲಿ ತಾತ ಹೋದ ಮೇಲೆ ವ್ಯವಹಾರ ಕುಸಿದು ಮನೆಯೂ ಕೈಬಿಟ್ಟಿತು. ಹುಡುಗನಿಗೆ ಆಗ ಹದಿನಾಲ್ಕರ ಆಸುಪಾಸು. ನರದೌರ್ಬಲ್ಯವೆಂದು ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟ. ಕೆಲಸ ಕಲಿಯಲಿಲ್ಲ, ಹುಡುಕಲೂ ಇಲ್ಲ. ಆಸ್ತಿ ಕರಗಿತ್ತು; ದೊಡ್ಡ ಮನೆತನದವನೆಂಬ ಠೀವಿ ಮಾತ್ರ ಉಳಿದಿತ್ತು.

ಈ ಠೀವಿಗೆ ಒಗ್ಗುವ ಒಂದು ಲೋಕ 1914ರಲ್ಲಿ ಸಿಕ್ಕಿತು. ಅಮೆರಿಕದಲ್ಲಿ ಆಗ ಹವ್ಯಾಸಿ ಪತ್ರಕರ್ತರ ಸಂಘಗಳಿದ್ದವು. ಸದಸ್ಯರು ಕೈಯಿಂದ ದುಡ್ಡು ಹಾಕಿ ಪುಟ್ಟ ಪತ್ರಿಕೆ ಅಚ್ಚು ಹಾಕಿಸಿ ಅಂಚೆಯಲ್ಲಿ ಹಂಚಿಕೊಳ್ಳುತ್ತಿದ್ದರು. ಲವ್‌ಕ್ರಾಫ್ಟ್ 'ದಿ ಕನ್ಸರ್ವೇಟಿವ್' ಎಂಬ ತನ್ನದೇ ಪತ್ರಿಕೆ ಹೊರಡಿಸಿದ, ಸಂಘದ ಅಧ್ಯಕ್ಷನೂ ಆದ. ಮರ್ಯಾದಸ್ಥ ಬರೆಯಬೇಕಾದದ್ದು ಮನಸ್ಸಿನ ತೃಪ್ತಿಗೆ, ಕಾಸಿಗಲ್ಲ ಎಂಬ ನಂಬಿಕೆ ಅಲ್ಲಿ ಗಟ್ಟಿಯಾಯಿತು. ಆ ನಂಬಿಕೆಯನ್ನು ಅವನು ಸಾಯುವವರೆಗೂ ಪೂರ್ತಿ ಬಿಡಲಿಲ್ಲ. ಹೊಟ್ಟೆಪಾಡು ಬಿಡಿಸಲು ಬೇಕಾದಷ್ಟು ಪ್ರಯತ್ನಪಟ್ಟಿತು.

ಕಥೆಗೆಂದು ಅವನ ಕೈಗೆ ಬಂದ ಮೊದಲ ಸಂಭಾವನೆ ಕಂತಿಗೆ 5 ಡಾಲರ್. 'ಹೋಮ್ ಬ್ರೂ' ಎಂಬ ಹಾಸ್ಯಪತ್ರಿಕೆಗಾಗಿ ಸತ್ತವರನ್ನು ಎಬ್ಬಿಸುವ ಡಾಕ್ಟರ್ ಹರ್ಬರ್ಟ್ ವೆಸ್ಟ್‌ನ ಕಥೆಯನ್ನು ಆರು ಕಂತಿನಲ್ಲಿ ಬರೆದ. ಪ್ರತಿ ಕಂತಿನ ಕೊನೆಗೂ ಓದುಗರ ಮೈ ಜುಮ್ಮೆನ್ನಬೇಕು ಎಂಬ ಕರಾರು ಅವನಿಗೆ ಹಿಂಸೆಯೆನಿಸಿತ್ತು.

1923ರ ಮಾರ್ಚ್‌ನಲ್ಲಿ ಷಿಕಾಗೋದಿಂದ 'ವಿಯರ್ಡ್ ಟೇಲ್ಸ್' ಹೊರಬಂತು. ಮರದ ತಿರುಳಿನ ಒರಟು ಕಾಗದದ ಮೇಲೆ ಅಚ್ಚಾಗುತ್ತಿದ್ದ ಅಗ್ಗದ ಕಥಾಪತ್ರಿಕೆಗಳ ಕಾಲ ಅದು. ಕೌಬಾಯ್ ಕಥೆಗೆ, ಪತ್ತೇದಾರಿ ಕಥೆಗೆ, ಪ್ರೇಮಕಥೆಗೆ ಬೇರೆ ಬೇರೆ ಪತ್ರಿಕೆಗಳಿದ್ದವು. ಈಗ ಭಯಕ್ಕೂ ಒಂದಾಯಿತು. ಲವ್‌ಕ್ರಾಫ್ಟ್ ಐದು ಕಥೆಗಳನ್ನು ಒಟ್ಟಿಗೆ ಕಳಿಸಿದ. ಸಂಪಾದಕ ಎಡ್ವಿನ್ ಬೇರ್ಡ್‌ಗೆ ಕಥೆಗಳು ಹಿಡಿಸಿದವು, ಪ್ರತಿ ಹಿಡಿಸಲಿಲ್ಲ. ಸಾಲುಗಳ ನಡುವೆ ಜಾಗ ಬಿಡದೆ ಒತ್ತೊತ್ತಾಗಿ ಟೈಪಾಗಿದ್ದವನ್ನು ಮತ್ತೆ ಟೈಪ್ ಮಾಡಿ ಕಳಿಸೆಂದ. ಟೈಪ್‌ರೈಟರ್ ಕಂಡರಾಗದ ಲವ್‌ಕ್ರಾಫ್ಟ್ ಗೊಣಗಿಕೊಂಡೇ 'ಡೇಗನ್' ಒಂದನ್ನು ಮತ್ತೆ ಟೈಪ್ ಮಾಡಿದ. ಅಕ್ಟೋಬರ್ ಸಂಚಿಕೆಯಲ್ಲಿ ಅದು ಬಂತು.

ಪತ್ರಿಕೆ ಬೇಗನೆ ಸಾಲದಲ್ಲಿ ಬಿತ್ತು. ಮಾಲೀಕ ಜೆ.ಸಿ. ಹೆನೆಬರ್ಗರ್ ಮಾರಾಟ ಏರಿಸಲು ಜಾದೂಗಾರ ಹ್ಯಾರಿ ಹೂಡಿನಿಯ ಹೆಸರನ್ನು ಹಿಡಿದುಕೊಂಡ. ಈಜಿಪ್ಟಿನಲ್ಲಿ ತನ್ನನ್ನು ಕಟ್ಟಿಹಾಕಿದ್ದರೆಂದು ಹೂಡಿನಿ ಹೇಳಿದ್ದ ಪ್ರಸಂಗವನ್ನು ಕಥೆಯಾಗಿಸುವ ಕೆಲಸ, 100 ಡಾಲರ್ ಮುಂಗಡದೊಂದಿಗೆ, ಲವ್‌ಕ್ರಾಫ್ಟ್‌ಗೆ ಬಂತು. 1924ರ ಮಾರ್ಚ್ 2ರಂದು ಟೈಪಾದ ಕಥೆಯನ್ನು ಕೈಯಲ್ಲಿ ಹಿಡಿದು ಪ್ರಾವಿಡೆನ್ಸ್‌ನ ಯೂನಿಯನ್ ಸ್ಟೇಷನ್ನಿಗೆ ಹೋದ. ಮರುದಿನ ನ್ಯೂಯಾರ್ಕಿನಲ್ಲಿ ಅವನ ಮದುವೆ! ರೈಲು ಹತ್ತುವ ಗಡಿಬಿಡಿಯಲ್ಲಿ ಕಥೆ ಕಳೆದುಹೋಯಿತು. ಪತ್ರಿಕೆಯಲ್ಲಿ 'ಕಳೆದಿದೆ' ಎಂಬ ಜಾಹೀರಾತು ಹಾಕಿಸಿದರೂ ಸಿಗಲಿಲ್ಲ. ಪುಣ್ಯಕ್ಕೆ ಕೈಬರಹದ ಪ್ರತಿ ಜೊತೆಯಲ್ಲಿತ್ತು. ಫಿಲಡೆಲ್ಫಿಯಾದಲ್ಲಿ ಕಳೆಯಬೇಕಿದ್ದ ಮಧುಚಂದ್ರದಲ್ಲಿ ಹೆಂಡತಿ ಸೋನಿಯಾ ಗ್ರೀನ್ ಓದಿ ಹೇಳುವುದು, ಗಂಡ ಟೈಪ್ ಮಾಡುವುದು ನಡೆಯಿತು. ಕಥೆ ಹೂಡಿನಿಯ ಹೆಸರಿನಲ್ಲೇ ಅಚ್ಚಾಯಿತು.

ಅದೇ ವರ್ಷ ಹೆನೆಬರ್ಗರ್ ಅವನಿಗೆ ಸಂಪಾದಕನ ಕುರ್ಚಿಯನ್ನೇ ನೀಡಲು ಮುಂದಾದ. ಅದಕ್ಕೆ ಷಿಕಾಗೋಗೆ ಹೋಗಬೇಕಿತ್ತು. ಹದಿನೆಂಟನೇ ಶತಮಾನದ ಕಟ್ಟಡಗಳಿಲ್ಲದ ಊರಲ್ಲಿ ಬದುಕುವುದನ್ನು ಲವ್‌ಕ್ರಾಫ್ಟ್ ಊಹಿಸಿಕೊಳ್ಳಲೂ ಸಿದ್ಧನಿರಲಿಲ್ಲ. ಹಾಗೆ ಬಿಟ್ಟುಕೊಟ್ಟ ಕುರ್ಚಿ ಫಾರ್ನ್ಸ್‌ವರ್ತ್ ರೈಟ್ ಪಾಲಾಯಿತು. ಮುಂದೆ ಅವನ ಕಥೆಗಳನ್ನು ಕೊಳ್ಳುವವನೂ ರೈಟ್, ಹಿಂದಕ್ಕೆ ಕಳಿಸುವವನೂ ರೈಟ್.

ಸೋನಿಯಾ ಹೆಂಗಸರ ಹ್ಯಾಟು ತಯಾರಿಸುವ ಕೆಲಸದಲ್ಲಿ ಪಳಗಿದವಳು, ಒಳ್ಳೆಯ ಸಂಪಾದನೆಯವಳು. ಮದುವೆಯಾದ ಸ್ವಲ್ಪ ದಿನಕ್ಕೇ ಅವಳ ಆದಾಯ ಕೈಕೊಟ್ಟಿತು. 34ನೆಯ ವಯಸ್ಸಿನಲ್ಲಿ ಲವ್‌ಕ್ರಾಫ್ಟ್ ಕೆಲಸ ಹುಡುಕಿಕೊಂಡು ಬೀದಿಗಿಳಿದ. ಸಾಲ ವಸೂಲಿ ಕಂಪನಿಯೊಂದರ ಪ್ರತಿನಿಧಿಯ ಕೆಲಸ ಕೆಲವೇ ದಿನಕ್ಕೆ ಮುಗಿಯಿತು. ಬಾಗಿಲು ತಟ್ಟಿ ಮಾತಿಗೆಳೆಯುವುದು ಅವನಿಂದಾಗದ ಮಾತು. 1925ರ ಆರಂಭದಲ್ಲಿ ಸೋನಿಯಾ ಕೆಲಸಕ್ಕಾಗಿ ಸಿನ್ಸಿನ್ನಾಟಿಗೆ ಹೊರಟಳು, ಅವನು ಕ್ಲಿಂಟನ್ ಬೀದಿಯ ಒಂಟಿ ಕೋಣೆ ಸೇರಿದ. ಮೇ ತಿಂಗಳಲ್ಲಿ ಕಳ್ಳರು ನುಗ್ಗಿ ಅವನ ಸೂಟುಗಳನ್ನು ಹೊತ್ತೊಯ್ದರು. ಉಪವಾಸವನ್ನು ತಮಾಷೆ ಮಾಡುತ್ತಿದ್ದವನಿಗೆ ಅದು ಮಾತ್ರ ತಡೆಯಲಾಗಲಿಲ್ಲ. ಸೂಟಿಲ್ಲದೆ ಮರ್ಯಾದಸ್ಥನಾಗಿ ಹೊರಗೆ ಕಾಲಿಡುವುದು ಹೇಗೆ? ತಿಂಗಳುಗಟ್ಟಲೆ ಅಂಗಡಿ ಸುತ್ತಿ, ಚೌಕಾಸಿ ಮಾಡಿ ಹೊಸದನ್ನು ಕೊಂಡ.

ಈ ನಗರದಲ್ಲಿ ಅವನೊಳಗಿನ ಕೆಟ್ಟದ್ದೂ ಹೊರಬಂತು. ಬೇರೆ ಬೇರೆ ದೇಶಗಳಿಂದ ಬಂದು ನೆಲೆಸಿದ ಜನರ ಮೇಲಿನ ಅವನ ಜನಾಂಗದ್ವೇಷ ಪತ್ರಗಳಲ್ಲಿ ಹಸಿಹಸಿಯಾಗಿದೆ. 1925ರ ಆಗಸ್ಟ್‌ನಲ್ಲಿ ಬರೆದ 'ದಿ ಹಾರರ್ ಅಟ್ ರೆಡ್ ಹುಕ್' ಆ ದ್ವೇಷವೇ ಕಥೆಯಾದದ್ದು. ಅವನು ಮದುವೆಯಾಗಿದ್ದ ಸೋನಿಯಾಳೇ ಉಕ್ರೇನಿನಿಂದ ಬಂದ ಯಹೂದಿ ಹೆಣ್ಣು ಎಂಬುದು ಅವನನ್ನು ತಡೆಯಲಿಲ್ಲ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಗೆದ್ದವರಿಗೆ 1975ರಿಂದ ಅವನ ಮುಖದ ಪ್ರತಿಮೆ ಕೊಡುತ್ತಿದ್ದರು. ಲೇಖಕರ ಆಕ್ಷೇಪದ ನಂತರ 2015ರಲ್ಲಿ ಅದನ್ನು ನಿಲ್ಲಿಸಲಾಯಿತು.

1926ರ ಏಪ್ರಿಲ್‌ನಲ್ಲಿ ಅವನು ಪ್ರಾವಿಡೆನ್ಸ್‌ಗೆ ಮರಳಿದ. ಆ ಬೇಸಿಗೆಯಲ್ಲಿ ಬರೆದ 'ದಿ ಕಾಲ್ ಆಫ್ ಕ್ತುಲ್ಹು' ಕಥೆಯನ್ನು ರೈಟ್ ಮೊದಲು ತಿರಸ್ಕರಿಸಿ, ಮರುವರ್ಷ ಮನಸ್ಸು ಬದಲಿಸಿ ಕೊಂಡ. 165 ಡಾಲರ್ ಸಂದಾಯವಾಯಿತು. ಲವ್‌ಕ್ರಾಫ್ಟ್‌ಗೆ ವಿಯರ್ಡ್ ಟೇಲ್ಸ್ ಕೊಡುತ್ತಿದ್ದ ದರ ಪದಕ್ಕೆ ಒಂದೂವರೆ ಸೆಂಟ್. ಆ ಪತ್ರಿಕೆಯಲ್ಲಿ ಅದೇ ಮೇಲಿನ ದರ. ದುಡ್ಡು ಕೊಡುವುದು ಒಪ್ಪಿದಾಗಲ್ಲ, ಅಚ್ಚಾದಾಗ. ಬೇರೆಡೆ ಇನ್ನೂ ಕಷ್ಟ. 1927ರಲ್ಲಿ 'ದಿ ಕಲರ್ ಔಟ್ ಆಫ್ ಸ್ಪೇಸ್' ಅಚ್ಚು ಹಾಕಿದ 'ಅಮೇಜಿಂಗ್ ಸ್ಟೋರೀಸ್'ನ ಹ್ಯೂಗೋ ಗರ್ನ್ಸ್‌ಬ್ಯಾಕ್ ಮೇಲಿಂದ ಮೇಲೆ ಕೇಳಿದ ನಂತರ 25 ಡಾಲರ್ ಕಳಿಸಿದ. ಲವ್‌ಕ್ರಾಫ್ಟ್ ಅವನಿಗೆ ಇಲಿ ಎಂದು ಅಡ್ಡಹೆಸರಿಟ್ಟ.

ವರ್ಷಕ್ಕೆ ಒಂದೆರಡು ಕಥೆ ಬರೆಯುವವನಿಗೆ ಈ ದರದಲ್ಲಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಉಳಿದವರ ಪಾಡೂ ಅಷ್ಟೇ. ವಿಯರ್ಡ್ ಟೇಲ್ಸ್ ಓದುಗರ ಕಣ್ಮಣಿ ಸೀಬರಿ ಕ್ವಿನ್ ಶವಸಂಸ್ಕಾರ ವೃತ್ತಿಯವರ ಪತ್ರಿಕೆಯ ಸಂಪಾದಕನಾಗಿದ್ದ. ಕವಿ, ಕಥೆಗಾರ ಕ್ಲಾರ್ಕ್ ಆ್ಯಷ್ಟನ್ ಸ್ಮಿತ್ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಹಣ್ಣು ಕೀಳುವ ಕೂಲಿಗೆ ಹೋಗುತ್ತಿದ್ದ. ಬರವಣಿಗೆಯೊಂದನ್ನೇ ನಂಬಿದ್ದ ಟೆಕ್ಸಾಸಿನ ರಾಬರ್ಟ್ ಇ. ಹೋವರ್ಡ್‌ಗೆ 1935ರ ಹೊತ್ತಿಗೆ ವಿಯರ್ಡ್ ಟೇಲ್ಸ್‌ನಿಂದ ಬರಬೇಕಾದ ಬಾಕಿಯೇ 800 ಡಾಲರ್ ದಾಟಿತ್ತು.

ಲವ್‌ಕ್ರಾಫ್ಟ್ ಹಿಡಿದ ದಾರಿ ತಿದ್ದುವುದು. ಬರೆಯುವ ಆಸೆಯಿದ್ದು ಕೈ ಸಾಗದವರು ಹಸ್ತಪ್ರತಿ ಕಳಿಸುತ್ತಿದ್ದರು. ಅವನು ಕಾಗುಣಿತದಿಂದ ಕಥಾವಸ್ತುವಿನವರೆಗೆ ಸರಿಪಡಿಸಿ ಹಿಂದಿರುಗಿಸುತ್ತಿದ್ದ. ಮನೋವಿಜ್ಞಾನದ ಉಪನ್ಯಾಸ ಕೊಡುತ್ತ ಊರೂರು ತಿರುಗುತ್ತಿದ್ದ ಡೇವಿಡ್ ವ್ಯಾನ್ ಬುಷ್‌ನ ಪದ್ಯಗಳನ್ನು ವರ್ಷಗಟ್ಟಲೆ ತೇಯ್ದ. ಎಷ್ಟೋ ಸಲ ತಿದ್ದುವುದೆಂದರೆ ಪೂರ್ತಿ ಬರೆಯುವುದೇ ಆಗುತ್ತಿತ್ತು. ಗುಡ್ಡವೊಂದರ ಮೇಲೆ ತಲೆಯಿಲ್ಲದ ದೆವ್ವ ಕಾಣಿಸಿಕೊಳ್ಳುತ್ತದೆ ಎಂಬಷ್ಟೇ ಎಳೆಯನ್ನು ಝೀಲಿಯಾ ಬಿಷಪ್ ಕೊಟ್ಟಿದ್ದಳು. ಅದರಿಂದ ಅವನು ಭೂಮಿಯೊಳಗಿನ ಇಡೀ ನಾಗರಿಕತೆಯನ್ನು ಕಟ್ಟಿ 'ದಿ ಮೌಂಡ್' ಎಂಬ ಕಿರುಕಾದಂಬರಿ ಬರೆದುಕೊಟ್ಟ. ಅಡಾಲ್ಫ್ ಡಿ ಕ್ಯಾಸ್ಟ್ರೋಗೆ ತಿದ್ದಿಕೊಟ್ಟ 'ದಿ ಲಾಸ್ಟ್ ಟೆಸ್ಟ್' ವಿಯರ್ಡ್ ಟೇಲ್ಸ್‌ನಲ್ಲಿ ಬಂದಾಗ ಡಿ ಕ್ಯಾಸ್ಟ್ರೋಗೆ ಸಿಕ್ಕಿದ್ದು 175 ಡಾಲರ್, ಲವ್‌ಕ್ರಾಫ್ಟ್‌ಗೆ 16.

ರಾತ್ರಿ ಬರೆದು ಹಗಲು ಮಲಗುವುದು ಅವನ ರೂಢಿ. ಬಂದ ಪತ್ರಗಳ ಹಿಂಬದಿಯೇ ಕಥೆಯ ಕಾಗದ. ಹೊಳೆದ ಕಲ್ಪನೆಗಳನ್ನು, ಕನಸುಗಳನ್ನು ಒಂದೆರಡು ಸಾಲಿನಲ್ಲಿ ಗುರುತು ಹಾಕುವ ಟಿಪ್ಪಣಿ ಪುಸ್ತಕವೊಂದಿತ್ತು. ಅದರಲ್ಲಿ ಇನ್ನೂರಕ್ಕೂ ಹೆಚ್ಚು ನಮೂದುಗಳಿವೆ. ಕಾಫಿಗೆ ಸಕ್ಕರೆ ಸುರಿದುಕೊಳ್ಳುತ್ತಿದ್ದ, ಮೀನಿನ ವಾಸನೆ ಬಂದರೆ ದೂರ ಓಡುತ್ತಿದ್ದ, ಬೀದಿಯ ಬೆಕ್ಕುಗಳ ಜೊತೆ ಗಂಟೆಗಟ್ಟಲೆ ಕೂರುತ್ತಿದ್ದ. ಚಳಿ ಅವನಿಗೆ ಆಗುತ್ತಿರಲಿಲ್ಲ, ಮೂರ್ಛೆ ಹೋಗುವಷ್ಟು. ಆದರೆ ಐಸ್‌ಕ್ರೀಮ್ ಎಷ್ಟಿದ್ದರೂ ಸರಿ: 1927ರಲ್ಲಿ ಪಕ್ಕದ ವಾರೆನ್ ಊರಿನ ಮ್ಯಾಕ್ಸ್‌ಫೀಲ್ಡ್ಸ್ ಅಂಗಡಿಯಲ್ಲಿ ಇಬ್ಬರು ಗೆಳೆಯರೊಂದಿಗೆ ಕೂತು ಅಲ್ಲಿದ್ದ 28 ಬಗೆಯ ಐಸ್‌ಕ್ರೀಮನ್ನೂ ರುಚಿ ನೋಡಿದ.

ಬರವಣಿಗೆಯ ಹೊತ್ತಿನ ಬಹುಪಾಲನ್ನು ನುಂಗಿದ್ದು ಪತ್ರ. ಅವನು ಬರೆದ ಪತ್ರಗಳು ಲಕ್ಷದ ಹತ್ತಿರ ಎಂಬ ಅಂದಾಜಿದೆ. ಕೆಲವು ಮೂವತ್ತು, ನಲವತ್ತು ಪುಟದವು. ಊಟಕ್ಕೆ ಲೆಕ್ಕ ಹಾಕುವವನು ಅಂಚೆಚೀಟಿಗೆ ಹಿಂದೆಮುಂದೆ ನೋಡುತ್ತಿರಲಿಲ್ಲ. ಮುಂದೆ 'ಸೈಕೋ' ಬರೆದ ರಾಬರ್ಟ್ ಬ್ಲಾಕ್ 1933ರಲ್ಲಿ ಹದಿನಾರರ ಹುಡುಗನಾಗಿ ಪತ್ರ ಬರೆದಾಗ ಅವನ ಕಥೆಗಳನ್ನು ಓದಿ ಸಲಹೆ ಕೊಟ್ಟ. ಇದಕ್ಕೆ ಕಾಸು ಪಡೆಯಲಿಲ್ಲ.

1931ರಲ್ಲಿ ಅಂಟಾರ್ಕ್ಟಿಕಾದ ಹಿನ್ನೆಲೆಯ 'ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್ನೆಸ್' ಅನ್ನು ರೈಟ್ ಉದ್ದವಾಯಿತು, ಕಂತುಗಳಾಗಿ ಒಡೆಯಲು ಬಾರದು ಎಂದು ವಾಪಸು ಕಳಿಸಿದ. ಈ ಏಟಿನಿಂದ ಲವ್‌ಕ್ರಾಫ್ಟ್ ಚೇತರಿಸಿಕೊಳ್ಳಲಿಲ್ಲ. ಹೊಸ ಕಥೆಗಳನ್ನು ಪತ್ರಿಕೆಗೆ ಕಳಿಸಲೂ ಹಿಂಜರಿಯತೊಡಗಿದ. ಕೊನೆಗೆ ಏಜೆಂಟ್ ಜೂಲಿಯಸ್ ಶ್ವಾರ್ಟ್ಸ್ ಆ ಅಂಟಾರ್ಕ್ಟಿಕಾದ ಕಥೆಯನ್ನು 'ಅಸ್ಟೌಂಡಿಂಗ್ ಸ್ಟೋರೀಸ್'ಗೆ 350 ಡಾಲರಿಗೆ ಮಾರಿ, ತನ್ನ ಪಾಲಿನ 35 ಹಿಡಿದುಕೊಂಡ. 1936ರಲ್ಲಿ ಮೂರು ಸಂಚಿಕೆಗಳಲ್ಲಿ ಅದು ಅಚ್ಚಾದಾಗ ಪ್ಯಾರಾಗಳನ್ನು ತುಂಡರಿಸಿ, ಕೊನೆಯ ಭಾಗದ ಸಾಲುಗಳಿಗೆ ಕತ್ತರಿ ಹಾಕಿದ್ದರು. ಲವ್‌ಕ್ರಾಫ್ಟ್ ಸಿಟ್ಟಿನಿಂದ ತನ್ನ ಪ್ರತಿಗಳ ಮೇಲೆ ಕೈಯಾರೆ ತಿದ್ದುಪಡಿ ಹಾಕುತ್ತ ಕೂತ. ಅದೇ ವರ್ಷ ವಿಲಿಯಂ ಕ್ರಾಫರ್ಡ್ ಎಂಬ ಹವ್ಯಾಸಿ ಪ್ರಕಾಶಕ 'ದಿ ಶ್ಯಾಡೋ ಓವರ್ ಇನ್ಸ್‌ಮತ್' ಅನ್ನು ಪುಸ್ತಕವಾಗಿ ತಂದ. ಬೈಂಡಾದದ್ದು ಸುಮಾರು 200 ಪ್ರತಿ, ಅದರ ತುಂಬ ಮುದ್ರಣದೋಷ. 1937ರ ಮಾರ್ಚ್ 15ರಂದು, 46ನೆಯ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರಿನಿಂದ ಅವನು ತೀರಿಕೊಂಡ.

ಆಮೇಲೆ ಅವನನ್ನು ಉಳಿಸಿದ್ದು ಆ ಪತ್ರಗಳ ಬಳಗ. ಅಂಚೆಯಲ್ಲೇ ಶಿಷ್ಯರಾಗಿದ್ದ ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರಿ, ದೊಡ್ಡ ಪ್ರಕಾಶಕರು ಒಪ್ಪದಿದ್ದಾಗ, ಆರ್ಕಮ್ ಹೌಸ್ ಎಂಬ ಸ್ವಂತ ಪ್ರಕಾಶನ ಹುಟ್ಟುಹಾಕಿ 1939ರಲ್ಲಿ 'ದಿ ಔಟ್‌ಸೈಡರ್ ಅಂಡ್ ಅದರ್ಸ್' ಅಚ್ಚು ಹಾಕಿಸಿದರು. ಬೆಲೆ 5 ಡಾಲರ್. 1,268 ಪ್ರತಿ ಖರ್ಚಾಗಲು ವರ್ಷಗಳೇ ಹಿಡಿದವು. ಇನ್ನೊಬ್ಬ ಪತ್ರಮಿತ್ರ, ಫ್ಲಾರಿಡಾದ ಹುಡುಗ ರಾಬರ್ಟ್ ಬಾರ್ಲೋ, ಹಸ್ತಪ್ರತಿಗಳನ್ನು ಬ್ರೌನ್ ವಿಶ್ವವಿದ್ಯಾಲಯದ ಜಾನ್ ಹೇ ಗ್ರಂಥಾಲಯಕ್ಕೆ ಒಪ್ಪಿಸಿದ.

ಆ ಕಡತಗಳನ್ನು ಬಿಚ್ಚಿದವರಲ್ಲಿ ಎಸ್.ಟಿ. ಜೋಶಿ ಮುಖ್ಯರು. 1958ರಲ್ಲಿ ಪುಣೆಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋದ ಅವರು ಲವ್‌ಕ್ರಾಫ್ಟ್‌ಗಾಗಿಯೇ ಬ್ರೌನ್‌ನಲ್ಲಿ ಓದಿದರು. ಅಚ್ಚಾದ ಕಥೆಗಳನ್ನು ಕೈಬರಹ, ಟೈಪ್ ಪ್ರತಿಗಳೊಂದಿಗೆ ಸಾಲುಸಾಲಾಗಿ ಹೋಲಿಸಿ, ಹಳೆಯ ಸಂಪಾದಕರ ಕತ್ತರಿಯನ್ನೂ ಮೊಳೆ ಜೋಡಿಸುವವರ ತಪ್ಪುಗಳನ್ನೂ ಪಟ್ಟಿ ಮಾಡಿದರು. 1984ರಿಂದ 1986ರವರೆಗೆ ಆರ್ಕಮ್ ಹೌಸ್ ತಂದ ಪರಿಷ್ಕೃತ ಸಂಪುಟಗಳಲ್ಲಿ ಅಂಟಾರ್ಕ್ಟಿಕಾದ ಕಥೆ ತನ್ನ ಉದ್ದನೆಯ ಪ್ಯಾರಾಗಳೊಂದಿಗೆ ಅಚ್ಚಾಯಿತು. ಹಾಗೆ ಮಾಡುವಾಗ ಜೋಶಿಯವರಿಗೆ ನೆರವಾದ ಆಧಾರಗಳಲ್ಲಿ 1936ರ ಆ ಸಂಚಿಕೆಗಳ ಮೇಲೆ ಲವ್‌ಕ್ರಾಫ್ಟ್ ಹಾಕಿದ್ದ ತಿದ್ದುಪಡಿಗಳೂ ಇದ್ದವು. 2005ರಲ್ಲಿ, ಅಮೆರಿಕದ ಅಭಿಜಾತ ಲೇಖಕರಿಗೆ ಮೀಸಲಾದ ಲೈಬ್ರರಿ ಆಫ್ ಅಮೆರಿಕ ಮಾಲೆಗೂ ಅವನ ಕಥೆಗಳು ಸೇರಿದವು.